ಅರಿಶಿನ ಕುಡಿದ ಹದಿನಾಲ್ಕು ಮಂದಿ

೧೯೫೮, ಏಪ್ರಿಲ್ ೩, ಗುರುವಾರ

ಮಿಕ್ಸ್ಚರ್ ಬೆರೆಸಿ ಮುಗಿಸುವಷ್ಟರಲ್ಲಿ ಹನ್ನೊಂದು ಗಂಟೆ. ಶಿಡ್ಲಘಟ್ಟದಿಂದ ಡಾಕ್ಟರು ಈ ಗುರುವಾರವೂ ಬರಲಿಲ್ಲ. ಬಾಗಿಲಲ್ಲಿ ಮತ್ತೆರಡು ಕಾಮಾಲೆ ಕೇಸು — ಕಣ್ಣು ಹಳದಿ, ಅನ್ನ ಸೇರದು. ಶಿವರಾತ್ರಿಯಿಂದೀಚೆಗೆ ನಮ್ಮ ಮೇಲೂರಿನಲ್ಲಿ ಇಪ್ಪತ್ತಕ್ಕೂ ಮೇಲೆ. ಬಾವಿಯ ತಳದ ಕೆಸರು ನೀರನ್ನೇ ಊರೆಲ್ಲ ಕುಡಿಯುತ್ತಿದೆ.

ಡಿಸ್ಪೆನ್ಸರಿ ಬೀರುವಿನಲ್ಲಿ ಇದಕ್ಕೆ ಮದ್ದಿಲ್ಲ. ತಾತ ಕೊಡುತ್ತಿದ್ದದ್ದನ್ನೇ ಕೊಡುತ್ತಿದ್ದೇನೆ. ಅರಿಶಿನದ ಕೊಂಬು ಕುಟ್ಟಿ, ಜರಡಿ ಹಿಡಿದು, ಬೆಳಗ್ಗೆ ಹುಳಿಯಿಲ್ಲದ ಮಜ್ಜಿಗೆಯಲ್ಲಿ. "ಈಲಿಗೆ ಬೇಲಿ ಕಣಪ್ಪ ಇದು" ಅನ್ನುತ್ತಿದ್ದರು. ಈಲಿ ಅಂದರೆ ಲಿವರು. ಡಾಕ್ಟರಿಗೆ ಹೇಳಿಲ್ಲ. ಕಾಂಪೌಂಡರ್ ಆದವನು ಹೇಳುವ ಮಾತಲ್ಲ.

ಏಪ್ರಿಲ್ ೧೨

ಹನ್ನೆರಡನೆಯವನೂ ವಾಸಿಯಾಗಿ ಎದ್ದ. ನೋಟ್‌ಬುಕ್ಕಿನಲ್ಲಿ ಎಲ್ಲರ ಹೆಸರು, ವಯಸ್ಸು, ಎಷ್ಟು ದಿನಕ್ಕೆ ಕಣ್ಣು ಬೆಳ್ಳಗಾಯಿತು — ಬರೆದಿದ್ದೇನೆ. ಬೆಂಗಳೂರಿನ ಯಾರಾದರೂ ದೊಡ್ಡ ಡಾಕ್ಟರಿಗೆ ಕಳಿಸಬೇಕು.

ಗೌರಿಬಿದನೂರಿನಿಂದ ತಂಗಿ ಅನಸೂಯ ಚೊಚ್ಚಲ ಹೆರಿಗೆಗೆ ಬಂದಳು. ಏಳು ತಿಂಗಳು. ಅಮ್ಮನಿಗೆ ಕಾಲು ನೆಲದ ಮೇಲಿಲ್ಲ.

ಏಪ್ರಿಲ್ ೨೪

ಹದಿನಾಲ್ಕು.

ಅನಸೂಯಳಿಗೆ ಎರಡು ದಿನದಿಂದ ವಾಂತಿ. ಬಸುರಿಗೆ ಇದ್ದದ್ದೇ ಅಂದರು ಅಮ್ಮ. ಇವತ್ತು ಬಿಸಿಲಿಗೆ ಕರೆದು ಕಣ್ಣ ರೆಪ್ಪೆ ಎಳೆದು ನೋಡಿದೆ. ಹಳದಿ.

"ಏನಣ್ಣಯ್ಯ, ಹಂಗ್ ನೋಡ್ತೀಯ?"

"ಏನಿಲ್ಲಮ್ಮ. ಮಜ್ಜಿಗೆ ಕುಡಿ."

ಅಮ್ಮ ಲೋಟ ತಡೆದರು. "ಮೈಯೆಲ್ಲ ಹಳದಿ ಆಗಿರೋಳ್ಗೆ ಅರಿಶಿನ ಕುಡಿಸ್ತಾರೇನಪ್ಪಾ?" ಗದರಿಸಿ ಕುಡಿಸಿದೆ.

ಏಪ್ರಿಲ್ ೨೭

ಅವಳ ಗಂಡ ಕೋನಪ್ಪನವರು ಬಂದರು. ಸ್ಕೂಲಿಗೆ ರಜೆ ಹಾಕಿ.

"ಬೆಂಗ್ಳೂರಿಗೆ ಕರ್ಕೊಂಡು ಹೋಗ್ತೀನಿ ಭಾವ. ನಾಳೆ ರೈಲಿಗೆ."

"ಅಲ್ಲೂ ಇದಕ್ಕೆ ಮದ್ದಿಲ್ಲ ಕಣ್ರೀ. ಇಲ್ನೋಡಿ, ಹದಿನಾಲ್ಕು ಜನ ಎದ್ದು ಓಡಾಡ್ತಿದ್ದಾರೆ." ನೋಟ್‌ಬುಕ್ಕು ಕೊಟ್ಟೆ.

ಮೇಷ್ಟ್ರಲ್ಲವೆ, ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ಓದಿದರು. "ಇದ್ರಲ್ಲಿ ಬಸುರಿ ಯಾರಾದ್ರೂ ಇದಾರಾ?"

ಇರಲಿಲ್ಲ. "ಈಲಿ ಎಲ್ಲಾರಿಗೂ ಒಂದೇ" ಅಂದೆ.

ಇನ್ನೂ ಅನುಮಾನದಲ್ಲಿದ್ದರು. ಅನಸೂಯ ಮಲಗಿದ್ದಲ್ಲಿಂದಲೇ, "ಅಣ್ಣಯ್ಯ ಹೇಳ್ದಂಗೇ ಮಾಡಣ ರೀ" ಅಂದಳು. ಅಲ್ಲಿಗೆ ಮುಗಿಯಿತು.

ಮೇ ೧

ಹಗಲೆಲ್ಲ ನಿದ್ದೆ. ಎಬ್ಬಿಸಿದರೆ ಅಮ್ಮನನ್ನು ಯಾರು ಅಂತ ಕೇಳಿದಳು. ಮಜ್ಜಿಗೆ ಕಟವಾಯಿಯಿಂದ ಹೊರಕ್ಕೇ ಬಂತು. ಜಟಕಾ ತರಿಸಿ ಶಿಡ್ಲಘಟ್ಟಕ್ಕೆ ಹೊರಟೆವು. ದಾರಿಯಲ್ಲಿ ಕೋನಪ್ಪನವರು ನನ್ನ ಕಡೆ ನೋಡಲಿಲ್ಲ.

ಮೇ ೯

ಅನಸೂಯ ಇಲ್ಲ. ಎರಡನೇ ತಾರೀಖು, ಮಧ್ಯಾಹ್ನ. ಕೂಸೂ ಇಲ್ಲ. ಗಂಡು.

ಮೇ ೧೫, ಗುರುವಾರ

ಡಾಕ್ಟರು ಬಂದರು. ಎಲ್ಲ ಹೇಳಿ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟೆ. ಬೈಯಲಿ ಅಂತಲೇ ಇಟ್ಟೆ. ಬೈಯಲಿಲ್ಲ.

"ಅರಿಶಿನ ಕುಡಿದೋರ ಹೆಸ್ರು ಬರ್ದಿದ್ದೀರಿ. ಕುಡೀದೇ ಇದ್ದೋರದು?"

"ಬರ್ದಿಲ್ಲ ಸಾರ್."

"ಕೆಳಗಿನ ಬೀದೀಲಿ ಒಂಬತ್ತು ಜನಕ್ಕೆ ಬಂದಿತ್ತಂತೆ. ಏನೂ ತಗೊಳ್ದೇ ಎದ್ರು. ಬಹಳ ಜನಕ್ಕೆ ತಾನಾಗೇ ಬಿಟ್ಟುಹೋಗುತ್ತೆ ಇದು. ಬಸುರಿಯರಿಗೇ ಕಷ್ಟ."

"ಅರಿಶಿನದಿಂದ್ಲೇ ಅವಳಿಗೆ ಏನಾದ್ರೂ..."

"ಇಲ್ಲ. ಅದ್ರಲ್ಲಿ ಲಿವರ್ ಕಾಯೋ ಗುಣ ಇರಬಹುದು, ಇಲ್ದೇನೂ ಇರಬಹುದು. ನಂಗೆ ಗೊತ್ತಿಲ್ಲ. ನಿಮಗೂ ಗೊತ್ತಿರ್ಲಿಲ್ಲ."

ಬೆಂಗಳೂರಿಗೆ ಹೋಗಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದೆ. ಸ್ಟೆತಾಸ್ಕೋಪು ಕೊರಳಿಗೆ ಹಾಕಿಕೊಂಡರು. ಹೊರಗೆ ಕಾದಿದ್ದವರನ್ನು ಕರೆಯಲು ಹೇಳಿದರು.

ಮೇ ೧೬

ಕೆಳಗಿನ ಬೀದಿಗೆ ಹೋಗಿ ನೋಡಿ ಬಂದೆ. ಒಂಬತ್ತಲ್ಲ, ಹನ್ನೊಂದು. ಎಲ್ಲರೂ ಚೆನ್ನಾಗಿದ್ದಾರೆ. ನಮ್ಮ ಡಿಸ್ಪೆನ್ಸರಿಯಿಂದ ಇನ್ನೂರು ಹೆಜ್ಜೆ. ಒಂದು ದಿನವೂ ಹೋಗಿ ಕೇಳಿರಲಿಲ್ಲ.

ಅಮ್ಮ ನನ್ನೊಡನೆ ಮಾತಾಡುತ್ತಾರೆ. ಊಟಕ್ಕೆ ಬಾ, ದೀಪ ಹಚ್ಚು — ಅಷ್ಟೇ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಜೂನ್ ೪, ರೈಲಿನಲ್ಲಿ

ಅಕ್ಷರ ಅಲ್ಲಾಡುತ್ತಿದೆ. ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಪಕ್ಕದ ಹಳ್ಳಿಯ ಅಮ್ಮಾಜಮ್ಮ, ಜೊತೆಗೆ ಮಗಳು. ಆರು ತಿಂಗಳ ಬಸುರಿ. ಕಣ್ಣು ನೋಡಬೇಕಾಗಿರಲಿಲ್ಲ, ಕೆನ್ನೆಯಲ್ಲೇ ತಿಳಿಯುತ್ತಿತ್ತು.

"ನಿನ್ ಪುಡೀಲಿ ಎಲ್ಲಾರ್ಗೂ ವಾಸಿ ಆಯ್ತಂತೆ. ನಮಗೂ ಒಂದಿಷ್ಟು ಕೊಡಪ್ಪ."

"ಪುಡಿ ಬೇಡಮ್ಮ. ಬೆಂಗ್ಳೂರಿಗೆ ಹೋಗಣ, ನಾನೂ ಬರ್ತೀನಿ."

"ನಿಮ್ಮೂರೋರಿಗೆಲ್ಲ ಕೊಟ್ಟೆ. ನಮಗ್ಯಾಕಿಲ್ಲ?" ಕೈ ಮುಗಿದು ನಿಂತರು. ಅನಸೂಯಳ ವಿಷಯ ಹೇಳಿದೆ. ಡಾಕ್ಟರನ್ನು ಬಿಟ್ಟು ಹೊರಗೆ ಯಾರಿಗೂ ನನ್ನ ಬಾಯಿಂದ ಹೇಳಿರಲಿಲ್ಲ. ಮಗಳ ಕೈ ಹಿಡಿದು ಜಟಕಾ ಹತ್ತಿದರು.

ಹುಡುಗಿ ಶಿಡ್ಲಘಟ್ಟ ಸ್ಟೇಷನ್ನಿನಲ್ಲಿ ಕೇಳಿದಳು. "ಅಣ್ಣಾ, ಬರೀ ನಾಕು ದಿನ ಆಯ್ತು ಹುಷಾರಿಲ್ದೆ. ಲೇಟಾಗಿಲ್ಲ ತಾನೆ?"

"ಇಲ್ಲಮ್ಮ" ಅಂದೆ. ಗೊತ್ತಿದ್ದು ಹೇಳಿದ್ದಲ್ಲ.

ಚಿಕ್ಕಬಳ್ಳಾಪುರ ಬಂತು. ಅವಳು ತಾಯಿಯ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಾಳೆ. ಅಮ್ಮಾಜಮ್ಮ ನೀರು ಕುಡಿಸಲು ಎಬ್ಬಿಸುತ್ತಿದ್ದಾರೆ. "ಶ್ಯಾಮಲಾ... ಏ ಶ್ಯಾಮಲಾ, ಏಳಮ್ಮ..." ಕೆನ್ನೆ ತಟ್ಟುತ್ತಿದ್ದಾರೆ. ಕಣ್ಣು ಬಿಟ್ಟಳು. ತಾಯಿಯ ಮುಖವನ್ನೇ ನೋಡುತ್ತಿದ್ದಾಳೆ. ಅನಸೂಯಳಂತೆ ಯಾರು ಅಂತ ಕೇಳದಿದ್ದರೆ ಸಾಕು —