ತಪಾಸಣೆಗೆ ಬಿಚ್ಚಿದ ಮಡಿಲಕ್ಕಿ

ಸ್ನೇಹಾ,

'ಪ್ರೀತಿಯ' ಅಂತ ಶುರುಮಾಡಿ ಹೊಡೆದುಹಾಕಿದ್ದೇನೆ. ಆ ಮಾತು ಬರೆಯುವ ಯೋಗ್ಯತೆ ಸದ್ಯಕ್ಕೆ ನನಗಿಲ್ಲ. ನಾನು ಫೋನು ಮಾಡಿದರೆ ನೀನು ಎತ್ತುತ್ತಿಲ್ಲ. ಎತ್ತಬೇಡ ಬಿಡು. ಎತ್ತಿದ್ದರೆ ನಾನು ಅತ್ತು ರಂಪ ಮಾಡಿ, ಕೊನೆಗೆ ನೀನೇ ನನಗೆ ಸಮಾಧಾನ ಹೇಳುವ ಹಾಗೆ ಮಾಡಿಬಿಡುತ್ತಿದ್ದೆ. ನನ್ನ ಬುದ್ಧಿ ನಿನಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕೇ ಈ ಕಾಗದ. ನಿನ್ನ ಮೇಲೆ ದೂರು ಕೊಟ್ಟವಳು ನಾನು ಅನ್ನುವುದು ನಿನಗೆ ಗೊತ್ತಾಗಿದೆ. ಅದರಲ್ಲಿ ಎಷ್ಟು ಸುಳ್ಳಿತ್ತು ಅನ್ನುವುದೂ ಗೊತ್ತು. ಆ ಸುಳ್ಳು ನನ್ನೊಳಗೆ ಎಲ್ಲಿಂದ ಬಂತು ಅನ್ನುವುದು ನಿನಗೆ ಗೊತ್ತಿಲ್ಲ. ಗುರುವಾರದ ವಿಚಾರಣೆಗೆ ಮುಂಚೆ ಅದು ನಿನಗೆ ನನ್ನ ಕೈಬರಹದಲ್ಲೇ ತಿಳಿಯಲಿ.

ಮಾಕವಳ್ಳಿಯ ನೀನು, ಗೋವಿಂದನಹಳ್ಳಿಯ ನಾನು, ಕೆ.ಆರ್. ಪೇಟೆ ಕಾಲೇಜಿನಲ್ಲಿ ಮೂರು ವರ್ಷ ಒಂದೇ ಬೆಂಚು. ಭದ್ರತಾ ಪಡೆಗೆ ಸೇರಬೇಕು ಅಂತ ನೀನು ನಾಲೆ ಏರಿಯ ಮೇಲೆ ಓಡುತ್ತಿದ್ದಾಗ, ನಾನು ಕಬ್ಬು ಜಗಿಯುತ್ತಾ ಕೂತು ಮೊಬೈಲಿನಲ್ಲಿ ಸಮಯ ನೋಡುತ್ತಿದ್ದೆ. ಎರಡು ಮೂರು ಸೆಕೆಂಡು ಕಮ್ಮಿ ಹೇಳಿ ನಿನ್ನನ್ನು ಖುಷಿಪಡಿಸಲು ನೋಡಿದರೆ, "ಸುಳ್ಳೇಳ್‌ಬ್ಯಾಡ ಕಣಮ್ಮಿ, ಅಲ್ಲೋಗಿ ನಾ ಫೇಲಾದ್ರೆ ನೀ ಬಂದ್ ಓಡ್ತೀಯಾ?" ಅಂತ ಬೈಯುತ್ತಿದ್ದೆ. ನಾನು ವಿಮಾನದಲ್ಲಿ ಕೆಲಸ ಮಾಡುತ್ತೇನೆ ಅಂದಾಗ ಊರೆಲ್ಲ ನಕ್ಕಿತು. ನೀನು ನಗಲಿಲ್ಲ. ಬಸ್ಸಿನ ಹಿಂದಿನ ಸೀಟಿನಲ್ಲಿ ಪ್ರಯಾಣಿಕಳ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂತು, ನನ್ನ ಹರಕು ಇಂಗ್ಲಿಷಿನ ಸೂಚನೆಗಳನ್ನು ಗಂಭೀರವಾಗಿ ಕೇಳಿಸಿಕೊಂಡೆ. ಕಂಡಕ್ಟರು ಟಿಕೆಟ್ಟು ಕೇಳಿದರೆ "ತಡೀರಣ್ಣ, ವಿಮಾನ ಇನ್ನೂ ಏಳ್ನಿಲ್ಲ" ಅಂದವಳು ನೀನು.

ಆಮೇಲೆ ಎಂಟು ವರ್ಷ ಇಬ್ಬರೂ ದಿಕ್ಕಾಪಾಲಾದೆವು. ಹೋದ ವರ್ಷ ನಾವು ಮತ್ತೆ ಸಿಕ್ಕಿದ್ದು ನನ್ನ ಮುದ್ದೆ ದೆಸೆಯಿಂದ. ಊರಿಂದ ಬಂದವಳು ಡಬ್ಬಿಯಲ್ಲಿ ಎರಡು ರಾಗಿಮುದ್ದೆ ಇಟ್ಟುಕೊಂಡು ವಿಮಾನ ನಿಲ್ದಾಣಕ್ಕೆ, ಗಗನಸಖಿ ಡ್ಯೂಟಿಗೆ ಹೊರಟಿದ್ದೆ. ತಪಾಸಣೆ ಯಂತ್ರದ ಪರದೆಯ ಮೇಲೆ ಎರಡು ಕಪ್ಪು ಗುಂಡುಗಳು ಕಂಡು, ಅಲ್ಲಿ ಕೂತಿದ್ದ, ಯಾವುದೋ ಬೇರೆ ರಾಜ್ಯದ ಹುಡುಗನೊಬ್ಬ ಬೆಲ್ಟು ನಿಲ್ಲಿಸಿಬಿಟ್ಟ. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಗೆ ವಿವರಿಸಲಿ ಅಂತ ತಡವರಿಸುವಾಗ, ಪಕ್ಕದಿಂದ ಖಾಕಿ ತೊಟ್ಟವಳೊಬ್ಬಳು ಬಂದು ಡಬ್ಬಿ ತೆರೆದು, ಬೆರಳಲ್ಲಿ ಒತ್ತಿ ನೋಡಿ, "ಗಂಟಾಗೈತೆ ಕಣೇ, ಯಾವೋಳ್ ತಿರ್ವಿದ್ದು?" ಅಂದಳು. ಆ ದನಿ ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ಅಷ್ಟು ಜನರ ಮುಂದೆ ನಾವಿಬ್ಬರೂ ಹಲ್ಲುಕಿರಿದುಕೊಂಡು ನಿಂತಿದ್ದೆವು. ಆಮೇಲೆ ವಾರಕ್ಕೆರಡು ಸಲವಾದರೂ ನಿನ್ನ ಸಾಲಿನಲ್ಲಿ ಹಾದುಹೋಗುವುದೇ ನನಗೊಂದು ತವರುಮನೆಯಂತಿತ್ತು.

ಅದು ಕೆಟ್ಟಿದ್ದು ಈ ಹೊಸ ಕಾಯಿದೆ ಬಂದಮೇಲೆ. ಎಲ್ಲೋ ಒಂದು ಕಡೆ ವಿಮಾನದ ಸಿಬ್ಬಂದಿಯೊಬ್ಬ ಸೊಂಟಕ್ಕೆ ಚಿನ್ನ ಕಟ್ಟಿಕೊಂಡು ಸಿಕ್ಕಿಬಿದ್ದ. ಅವನು ಮಾಡಿದ್ದಕ್ಕೆ ನಾವೆಲ್ಲ ಅನುಭವಿಸಬೇಕಾಯಿತು. ಮಾಮೂಲಿ ತಪಾಸಣೆ ಆದಮೇಲೆ ಪರದೆಯ ಹಿಂದೆ ಇನ್ನೊಂದು. ಕೋಟು ತೆಗಿ, ಶೂ ತೆಗಿ, ಕೈ ಎತ್ತು, ತಿರುಗು. ಅರ್ಧ ಗಂಟೆ ಕೂತು ಕಟ್ಟಿದ ತುರುಬಿಗೆ ಬೆರಳು ಹಾಕಿ ಪಿನ್ನು ಎಣಿಸುತ್ತಾರೆ. ಮುಟ್ಟಿನ ದಿನ ಸೊಂಟದ ಕೆಳಗೆ ಕೈಯಿಟ್ಟು "ಇದೇನು?" ಅಂದರೆ ಏನು ಹೇಳುವುದು? ದಿನಕ್ಕೆ ನಾಲ್ಕು ಸಲ ಹಾರಿದರೆ ನಾಲ್ಕು ಸಲ ಇದೇ ಪಾಡು. ಅದರಿಂದ ಹತ್ತು ನಿಮಿಷ ತಡವಾದರೆ ನಮ್ಮ ಕಂಪನಿ ನಮ್ಮ ಹೆಸರಿನ ಮುಂದೆಯೇ ಕೆಂಪು ಗೆರೆ ಎಳೆಯುತ್ತದೆ. ಈಗ ನಮ್ಮನ್ನು ತಡವಿ ನೋಡಿ ಒಳಗೆ ಬಿಟ್ಟವರೇ, ಒಳಗೆ ಏನಾದರೂ ಆದರೆ ನೂರೆಂಬತ್ತು ಜನರ ಜೀವ ಕಾಪಾಡು ಅಂತ ನಮಗೇ ಒಪ್ಪಿಸುತ್ತಾರಲ್ಲ, ಈ ನ್ಯಾಯ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಇಷ್ಟೂ ನಿಜ. ಇದಕ್ಕಾಗಿ ನಾನು ಕ್ಷಮೆ ಕೇಳುತ್ತಿಲ್ಲ. ಆ ಕಾಯಿದೆ ನೀನು ಮಾಡಿದ್ದಲ್ಲ ಅನ್ನುವುದನ್ನು ಮರೆತೆನಲ್ಲ, ಕೇಳಬೇಕಾದ್ದು ಅದಕ್ಕೆ.

ನಿನಗೆ ಹೇಳದೆ ಇಟ್ಟ ಒಂದು ಮಾತಿದೆ. ಯುಗಾದಿಯ ಆಸುಪಾಸಿನಲ್ಲಿ ನಾನು ಬಸುರಿಯಾಗಿದ್ದೆ. ಮೂರನೇ ತಿಂಗಳಿಗೆ ಹೋಯಿತು. ನನ್ನ ಗಂಡ ಲೋಕೇಶನಿಗೆ, ನಮ್ಮವ್ವನಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಹದಿನೈದು ದಿನ ರಜೆ ಹಾಕಿ, ಮೈ ನೋವು ಅಂತ ಬರೆದುಕೊಟ್ಟು, ಮತ್ತೆ ಯೂನಿಫಾರಂ ಹಾಕಿಕೊಂಡೆ. ಪರದೆಯ ಹಿಂದೆ ಯಾರ ಕೈಯಾದರೂ ಹೊಟ್ಟೆಯ ಮೇಲೆ ಹಾದುಹೋದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಲ್ಲಿ ಏನೂ ಇಲ್ಲ, ಇದ್ದದ್ದೂ ಹೋಯಿತು, ಇನ್ನೇನು ಹುಡುಕುತ್ತೀರಿ ಅಂತ ಕಿರುಚಬೇಕು ಅನ್ನಿಸುತ್ತಿತ್ತು.

ಆ ಶನಿವಾರ ನಾನು ಊರಿಂದಲೇ ನೇರವಾಗಿ ಡ್ಯೂಟಿಗೆ ಬಂದಿದ್ದೆ. ಹೊರಡುವಾಗ ನಮ್ಮವ್ವ ಮಣೆ ಹಾಕಿ, ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಮಡಿಲು ತುಂಬಿದಳು. ತವರಿಂದ ಹೊರಟ ಹೆಣ್ಣಿಗೆಲ್ಲ ತುಂಬುತ್ತಾರೆ, ಹೊಸದೇನಲ್ಲ. ಆದರೆ ಈ ಸಲ ಅವಳು ಅಕ್ಕಿಯನ್ನು ಎರಡು ಹಿಡಿ ಹೆಚ್ಚಿಗೇ ಹಾಕಿದಳು. ಅಕ್ಕಿ, ಬೆಲ್ಲದ ಅಚ್ಚು, ಎಲೆ ಅಡಿಕೆ, ಒಂದು ಕೊಬ್ಬರಿ ಗಿಟುಕು. "ಎಲ್ಲೂ ನೆಲುಕ್ ಇಕ್ಬ್ಯಾಡ, ದಾರೀಲ್ ಗಂಟ್ ಬಿಚ್ಬ್ಯಾಡ, ಮನೆಗೋಗಿ ಪಾಯ್ಸ ಮಾಡ್ಕಂಡ್ ಉಣ್ಣಿ. ಮುಂದಿನ್ ಸಲ ತುಂಬಿದ್ ಮಡ್ಲಲ್ಲೇ ಬತ್ತೀಯ" ಅಂದಳು. ಆ ಗಂಟನ್ನು ಬ್ಯಾಗಿನಲ್ಲಿ ಬಟ್ಟೆಗಳ ಮೇಲೆ, ಮೇಲುಗಡೆಯೇ ಇಟ್ಟುಕೊಂಡೆ. ಕೊಬ್ಬರಿ ಒಳಗೆ ಬಿಡುವುದಿಲ್ಲ, ಅದರ ಎಣ್ಣೆಗೆ ಬೆಂಕಿ ಹತ್ತುತ್ತದೆ ಅಂತ ದಿನಾ ಪ್ರಯಾಣಿಕರಿಗೆ ಹೇಳುವವಳು ನಾನೇ. ಆದರೂ ಇಟ್ಟುಕೊಂಡೆ. ಸಾಲಿನಲ್ಲಿ ನೀನಿರುತ್ತೀಯ, ನಮ್ಮೂರೋಳು, ಬಿಡುತ್ತಾಳೆ ಅಂದುಕೊಂಡೆ. ನಾವು ಕಚೇರಿ, ಆಸ್ಪತ್ರೆ, ಬಸ್‌ಸ್ಟ್ಯಾಂಡು ಎಲ್ಲಿ ಹೋದರೂ ಮೊದಲು "ಯಾವೂರಾಯ್ತು?" ಅಂತ ಕೇಳುವುದು ಇದೇ ಆಸೆಗಲ್ಲವೇ?

ನೀನು ಗಂಟು ಬಿಚ್ಚಿದೆ. "ಬುಡೇ ಅತ್ಲಾಗೆ, ಮಡ್ಲಕ್ಕಿ ಕಣೇ, ನಮ್ಮವ್ವ ತುಂಬವ್ಳೆ" ಅಂದೆ. ನಿನ್ನ ಕಣ್ಣು ಒಂದು ಗಳಿಗೆ ನನ್ನ ಮೇಲಿತ್ತು. ಆಮೇಲೆ ಹಿಂದೆ ನಿಂತಿದ್ದ ಮೇಲಧಿಕಾರಿಯ ಕಡೆ ಹೋಯಿತು. "ಮೇಡಮ್, ಯೇ ಅಲೋಡ್ ನಹೀ ಹೈ" ಅಂದೆ. ಹಿಂದಿಯಲ್ಲಿ! ನನ್ನ ಜೊತೆ! ಕೊಬ್ಬರಿಯನ್ನು ಹಿಡಿದ ಸಾಮಾನಿನ ಟ್ರೇಗೆ ಹಾಕಿ, ಉಳಿದದ್ದನ್ನು ಮತ್ತೆ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟೆ. ಆಮೇಲೆ ಪರದೆಯ ಹಿಂದೆ ಕರೆದೆ, ನಿನ್ನ ಕೈ ಹೊಟ್ಟೆಯ ಮೇಲೆ ಹಾದುಹೋಯಿತು. ಅಷ್ಟೇ ನಡೆದದ್ದು. ನೀನು ಒಂದು ಕೆಟ್ಟ ಮಾತೂ ಆಡಲಿಲ್ಲ. ಹೊರಗೆ ಬರುವಾಗ ಏನೋ ಪಿಸುಗುಟ್ಟಲು ಬಾಯಿ ತೆರೆದೆ, ನಾನು ಮುಖ ತಿರುಗಿಸಿಕೊಂಡು ಹೋದೆ.

ಅವತ್ತು ಸಂಜೆ ನಮ್ಮ ಸೀನಿಯರ್ ಮಾನಸ ಎಲ್ಲರಿಂದಲೂ ದೂರು ಬರೆಸಿಕೊಳ್ಳುತ್ತಿದ್ದಳು. ಎರಡನೇ ತಪಾಸಣೆ ನಿಲ್ಲಿಸಿ ಅಂತ ಮೇಲಕ್ಕೆ ಕಳಿಸುವುದಕ್ಕೆ. "ಲೇಟಾಗುತ್ತೆ, ಬೇಜಾರಾಗುತ್ತೆ ಅಂತ ಬರೆದ್ರೆ ಯಾರೂ ಓದಲ್ಲ ರಮ್ಯಾ, ಗಟ್ಟಿಯಾಗಿರೋ ಒಂದು ಘಟನೆ ಬೇಕು" ಅಂದಳು. ನಾನು ಪೆನ್ನು ಹಿಡಿದೆ. ಮೊದಲ ನಾಲ್ಕು ಸಾಲು ನಿಜ ಬರೆದೆ. ಐದನೆಯ ಸಾಲಿನಲ್ಲಿ, ನೀನು ಬೇಕೆಂದೇ ಅಸಭ್ಯವಾಗಿ ಮುಟ್ಟಿದೆ, 'ನಿಮ್ಮಂಥೋರೇ ಕಳ್ಳಸಾಗಣೆ ಮಾಡೋದು' ಅಂದೆ ಅಂತ ಬರೆದೆ. ಒಂದಕ್ಷರಕ್ಕೂ ತಡವರಿಸಲಿಲ್ಲ ಸ್ನೇಹಾ. ಅದೇ ನನಗೀಗ ಹೆದರಿಕೆ. ಬರೆಯುವಾಗ ಒಳ್ಳೇ ಸಮಾಧಾನವೇ ಆಯಿತು.

ಆ ಸಾಲು ಕೆಲಸ ಮಾಡಿತು. ಎರಡು ವಾರಕ್ಕೆ ಎರಡನೇ ತಪಾಸಣೆ ನಿಂತಿತು. ನಮ್ಮವರೆಲ್ಲ ಸೇರಿ ಕೇಕು ತಂದರು, ನನ್ನ ಕೈಯಿಂದಲೇ ಕೊಯ್ಯಿಸಿದರು, ಮಾನಸ ನನ್ನ ಬಾಯಿಗೆ ಕ್ರೀಮು ಮೆತ್ತಿದಳು. ಮಾರನೇ ದಿನ ಆರಾಮಾಗಿ ಬ್ಯಾಗು ಎಳೆದುಕೊಂಡು ಬಂದರೆ ನಿನ್ನ ಜಾಗದಲ್ಲಿ ಬೇರೆ ಹುಡುಗಿ ನಿಂತಿದ್ದಳು. ನನ್ನ ಮಾತು ಪರೀಕ್ಷಿಸಲು ಕ್ಯಾಮೆರಾ ನೋಡಿದರಂತೆ. ಪರದೆಯ ಹಿಂದೆ ಕ್ಯಾಮೆರಾ ಇಲ್ಲ, ಅಸಭ್ಯವಾಗಿ ಮುಟ್ಟಿದ್ದಕ್ಕೆ ಸಾಕ್ಷಿ ಸಿಗಲಿಲ್ಲ. ಬದಲಿಗೆ, ಡ್ಯೂಟಿ ಮುಗಿಸಿ ಹೋಗುವಾಗ ನೀನು ಟ್ರೇಯಿಂದ ಕೊಬ್ಬರಿ ಗಿಟುಕನ್ನು ತೆಗೆದು ಜೇಬಿಗೆ ಹಾಕಿಕೊಂಡದ್ದು ಸಿಕ್ಕಿತು. ಹಿಡಿದ ಸಾಮಾನು ಕಸಕ್ಕೇ ಹೋಗಬೇಕು, ಸಿಬ್ಬಂದಿ ಮುಟ್ಟಿದರೆ ಕಳ್ಳತನ. ನಿನ್ನನ್ನು ಕೆಲಸದಿಂದ ಅಮಾನತು ಮಾಡಿದ್ದಾರೆ ಅಂತ ಕೇಳಿದಾಗ, ದೇವರಾಣೆಗೂ ಹೇಳುತ್ತೇನೆ, ಮೊದಲು ನನಗೆ ಬಂದ ಯೋಚನೆ, ಅಬ್ಬಾ, ಹಾಗಾದರೆ ನಾನು ಪೂರ್ತಿ ಸುಳ್ಳಿ ಅಲ್ಲ ಅಂತ. ಇಂಥವಳು ನಿನ್ನ ಗೆಳತಿ.

ನಿನ್ನೆ ಭಾನುವಾರ ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಾ, "ನಮ್ಮೋಳು ಅಂದ್ಕಂಡಿದ್ದೆ, ಕಳ್ಳಿ ಆಗ್ಬುಟ್ಳು" ಅಂದೆ.  ಅವ್ವ ಕೇಳಿದಳು, "ಯಾರ್ ಕಳ್ಳಿ? ಆ ಮಗ ನೀ ಒಂಟೋದ್ ಮೂರ್ ದಿನುಕ್ಕೆ ಇಲ್ಲಿಗ್ ಬಂದಿದ್ಲು ಕಣವ್ವ. ಬಿಸ್ಲಲ್ಲಿ ನಡ್ಕಂಡ್ ಬಂದು ಕೊಬ್ರಿ ನನ್ ಕೈಲ್ ಮಡುಗಿ, 'ಮಡ್ಲಕ್ಕೀದು ಅವ್ವಾ, ಕಸುಕ್ ಆಕಕ್ಕೆ ಕೈ ಬರ್ನಿಲ್ಲ, ರಮ್ಯುಂಗ್ ಏಳ್ಬ್ಯಾಡಿ, ಬ್ಯಾಸ್ರ ಮಾಡ್ಕತಾಳೆ' ಅಂದ್ಲು. ನಾನೇ ತಡೀನಾರ್ದೆ ನಿನ್ ಬಸುರ್ ಓದದ್ದ ಏಳ್ಬುಟ್ಟೆ. ಜಗ್ಲಿ ಮೇಲ್ ಕುಂತು ನನ್ಗಿಂತ ಜಾಸ್ತಿ ಅತ್ಲು."

 ಫೋನು ಇಟ್ಟವಳೇ ಲೋಕೇಶನನ್ನು ಕರೆದು ಎಲ್ಲಾ ಹೇಳಿದೆ. ಅವನು ಬೈಯಲಿಲ್ಲ. "ನಾಳೆ ಹೋಗಿ ನಿಜ ಹೇಳ್ಬಿಡು, ನಾನೂ ಬರ್ತೀನಿ, ನಡಿ" ಅಂದ.

ಇವತ್ತು ಬೆಳಿಗ್ಗೆ ಅವನ ಜೊತೆ ಹೋಗಿ ನಿಮ್ಮ ವಿಚಾರಣಾಧಿಕಾರಿಯ ಮುಂದೆ ಕೂತೆ. ದೂರಿನ ಐದನೇ ಸಾಲು ಸುಳ್ಳು ಅಂದೆ. ಕೊಬ್ಬರಿ ತಂದದ್ದು ನಾನು, ಬಿಡು ಅಂತ ಕೇಳಿಕೊಂಡದ್ದು ನಾನು, ನೀನು ಬಿಡಲಿಲ್ಲ, ಅದನ್ನು ನಮ್ಮವ್ವನಿಗೇ ಹಿಂದಿರುಗಿಸಿದೆ ಅಂದೆ. ಅವರು ಕನ್ನಡಕ ತೆಗೆದಿಟ್ಟು ನನ್ನನ್ನು ನೋಡಿದರು. "ಇದನ್ನ ಬರೆದುಕೊಟ್ರೆ ವಿಮಾನ ನಿಲ್ದಾಣದ ಒಳಗೆ ಬಿಡೋ ನಿಮ್ಮ ಪಾಸು ಹೋಗಬಹುದು. ಪಾಸಿಲ್ಲದೆ ನಿಮ್ಮ ಕಂಪನಿ ನಿಮ್ಮನ್ನ ಇಟ್ಕೊಳ್ಳಲ್ಲ. ಯೋಚ್ನೆ ಮಾಡಿ" ಅಂದರು. ಆಮೇಲೆ ಫೈಲು ತಿರುಗಿಸುತ್ತಾ, "ಆದ್ರೆ ಅವರ ಹೇಳಿಕೆಯಲ್ಲಿ ನೀವು ಹೇಳಿದ್ದು ಯಾವುದೂ ಇಲ್ಲವಲ್ಲ" ಅಂತ ಒಂದು ಹಾಳೆ ನನ್ನ ಕಡೆ ತಳ್ಳಿದರು.

ನಿನ್ನ ಅಕ್ಷರ ನನಗೆ ಗೊತ್ತು. ಕಾಲೇಜಿನಲ್ಲಿ ನಿನ್ನ ನೋಟ್ಸು ನೋಡಿಯೇ ಪಾಸಾದವಳು ನಾನು. ಎರಡೇ ಸಾಲಿತ್ತು. 'ಡ್ಯೂಟಿ ಮುಗಿಯುವಾಗ ಹಸಿವಾಗಿತ್ತು. ಟ್ರೇಯಲ್ಲಿದ್ದ ಕೊಬ್ಬರಿ ತೆಗೆದುಕೊಂಡು ತಿಂದೆ.' ಕೆಳಗೆ ನಿನ್ನ ಸಹಿ. ಹೇಳಿಕೆಯ ತಾರೀಖು ನೀನು ನಮ್ಮೂರಿಗೆ ಹೋಗಿ ಬಂದ ಮೇಲಿನದು. ಅಂದರೆ ನನ್ನ ಹೊಟ್ಟೆಯ ವಿಷಯ ಗೊತ್ತಿದ್ದು, ನನ್ನ ದೂರು ಓದಿ, ನನ್ನ ಐದನೇ ಸಾಲನ್ನೂ ಓದಿ, ಆಮೇಲೆ ಇದನ್ನು ಬರೆದಿದ್ದೀಯ. ನೀನು ನಿಜ ಹೇಳಿದರೆ, ಗೊತ್ತಿದ್ದೂ ಕೊಬ್ಬರಿ ತಂದು 'ಬಿಡು' ಅಂದವಳು ನಾನು ಅನ್ನುವುದು ಹೊರಬಂದು ನನ್ನ ಪಾಸು ಹೋಗುತ್ತದೆ ಅಂತ ಲೆಕ್ಕ ಹಾಕಿದ್ದೀಯ. ಎರಡು ಸೆಕೆಂಡಿನ ಸುಳ್ಳಿಗೆ ನನ್ನನ್ನು ಬೈದವಳು ನೀನು! ಅಷ್ಟು ದೊಡ್ಡ ಸುಳ್ಳು ನಿನ್ನ ಕೈಯಿಂದ ಬರೆಸಿದವಳು ನಾನು.

ಅಧಿಕಾರಿಯ ಮೇಜಿನ ಮೇಲೆಯೇ ಬರೆದುಕೊಟ್ಟು ಬಂದಿದ್ದೇನೆ. ಹೊರಗೆ, ವಿಷಯ ತಿಳಿದು ಬಂದ ಮಾನಸ ಕಾಯುತ್ತಿದ್ದಳು. "ನಿನ್ನ ಒಬ್ಬಳ ಮನಸ್ಸಾಕ್ಷಿಗೆ ನಾವೆಲ್ಲ ಮತ್ತೆ ಆ ಪರದೆ ಹಿಂದೆ ಕೈಯೆತ್ತಿ ನಿಲ್ಲಬೇಕಾ?" ಅಂದಳು. ಅವಳ ಸಿಟ್ಟು ಸುಳ್ಳಲ್ಲ. ಆ ಪರದೆ ಮತ್ತೆ ಬಂದರೆ ಅದರ ವಿರುದ್ಧ ನಾನೇ ಬರೆಯುತ್ತೇನೆ, ನಾಲ್ಕೇ ಸಾಲು, ನಾಲ್ಕೂ ನಿಜ. ಆದರೆ ಬರೆಯುವುದಕ್ಕೆ ಆಗ ನಾನು ಅಲ್ಲಿರುತ್ತೇನೋ ಇಲ್ಲವೋ. ಪಾಸು ಹೋದರೆ ಏನು ಮಾಡುತ್ತೇನೆ ಅಂತ ಗೊತ್ತಿಲ್ಲ, ಹೆದರಿಕೆ ಆಗುತ್ತಿದೆ, ಅದನ್ನು ಮುಚ್ಚಿಟ್ಟರೆ ಅದೂ ಇನ್ನೊಂದು ಸುಳ್ಳಾಗುತ್ತದೆ.

ಗುರುವಾರ ಹತ್ತೂವರೆಗೆ ನಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳುತ್ತಾರಂತೆ. ಅವ್ವನೂ ಬರುತ್ತಾಳೆ, ಬೇಡವೆಂದರೂ ಕೇಳಲಿಲ್ಲ. ನೀನು ನನ್ನ ಮುಖ ನೋಡಬೇಕಾಗಿಲ್ಲ, ನನ್ನ ಜೊತೆ ಯಾವ ಭಾಷೆಯಲ್ಲೂ ಮಾತಾಡಬೇಕಾಗಿಲ್ಲ. ನನ್ನನ್ನು ಕ್ಷಮಿಸು ಅಂತಲೂ ಕೇಳುವುದಿಲ್ಲ. ಒಂದೇ ಒಂದು ಬೇಡಿಕೆ. ಅವರು ಮತ್ತೆ ಕೇಳಿದಾಗ, ಹಸಿವಾಗಿತ್ತು ಅಂತ ಇನ್ನೊಂದು ಸಲ ಹೇಳಬೇಡ.

ನಿನ್ನ ಖಾಕಿ ನಿನ್ನ ಮೈಮೇಲೇ ಇರಲಿ, ನೂರು ಕಾಲ ಚೆನ್ನಾಗಿರು.

ನಿನಗೆ ಅನ್ಯಾಯ ಮಾಡಿದ,
ರಮ್ಯ