ಶನಿವಾರದ ಆನೆ

ಚಿಪಾಕೊ, ಲುವಾಂಗ್ವಾ ನದಿ ದಂಡೆ
ನವೆಂಬರ್ 27, ಬುಧವಾರ

ಟಿಯಾಮಿಕೆಯ ಅಪ್ಪನಿಗೆ,

ಜ್ವರ ಬಿಟ್ಟಿತೇ? ಮಾತ್ರೆಯನ್ನು ಮೂರು ದಿನವೂ ನುಂಗಿದಿರೋ, ಒಂದು ದಿನ ನುಂಗಿ ಮಿಕ್ಕಿದ್ದನ್ನು ಚೀಲಕ್ಕೆ ಸೇರಿಸಿದಿರೋ? ನಿಮ್ಮನ್ನು ನಾನು ಕಾಣದವಳೇ! ಬೂಟು ಇನ್ನೂ ಕಚ್ಚುತ್ತಿದ್ದರೆ ಎರಡು ಜೊತೆ ಕಾಲುಚೀಲ ಹಾಕಿಕೊಳ್ಳಿ. ಟಿಯಾಮಿಕೆಗೆ ಮುಂದಿನ ಎರಡು ಹಲ್ಲು ಬಿದ್ದಿವೆ, ಆದರೂ ಮಾತಿಗೇನೂ ಬರವಿಲ್ಲ.

ಅತ್ತೆಯ ಸುದ್ದಿ ನಿಮ್ಮ ಕಾಡಿನ ಕಾವಲು ಠಾಣೆಗೆ ವೈರ್‌ಲೆಸ್‌ನಲ್ಲಿ ಮುಟ್ಟಿತಂತೆ. ಎಡಗಾಲು ಮುರಿದಿದೆ, ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದ್ದಾರೆ. ಅವರಿಗೆ ನೋವಿಗಿಂತ ಒಂದೇ ಕಡೆ ಕೂರುವುದೇ ದೊಡ್ಡ ಶಿಕ್ಷೆ. ನಾನು ನ್ಶಿಮಾ ಮುದ್ದೆ ತಿರುವುವಾಗ "ಹಿಂಗೆ ತಿರುವಿದ್ರೆ ಗಂಟು ಕಟ್ಟದೆ ಇನ್ನೇನಾಗುತ್ತೆ" ಎಂದು ಕೂತಲ್ಲಿಂದಲೇ ಬಯ್ಯುತ್ತಾರೆ. ಬಯ್ಯಲಿ, ಬಯ್ಯುವಷ್ಟು ದಿನ ನಮಗೆ ಭಯವಿಲ್ಲ.

ಭಾನುವಾರ ಬೆಳಿಗ್ಗೆ ಅವರು ಜಗಲಿಯಲ್ಲಿ ಕೂತು ಮಾವಿನಹಣ್ಣು ಹೆಚ್ಚುತ್ತಿದ್ದರು. ಹರಿದ ಕಿವಿಯ ಆನೆ, ಅದೇ ನಮ್ಮ ಅಜ್ಜ, ಹಾಡುಹಗಲೇ ಅಂಗಳಕ್ಕೆ ಬಂದು ನಿಂತ. ನಮ್ಮ ಮದುವೆಯಾದಾಗಿನಿಂದ ನೋಡಿದ್ದೇವಲ್ಲ, ಮನುಷ್ಯರ ವಾಸನೆ ಬಂದರೆ ಸಾಕು ತಿರುಗಿ ಹೋಗುತ್ತಿದ್ದ ಆನೆ ಅದು. ಅತ್ತೆ ಒನಕೆ ಎತ್ತಿ ಸೊಂಡಿಲಿಗೆ ಹೊಡೆದರು. ಅಕ್ಕಪಕ್ಕದವರು ಪಾತ್ರೆ ಬಡಿದರು. ಅಜ್ಜ ಬೆದರಿ ತಿರುಗಿದಾಗ ಜಗಲಿಯ ಕಂಬ ಕಿತ್ತುಬಂದು, ಚಾವಣಿ ಅತ್ತೆಯ ಮೇಲೆ ಬಿತ್ತು. ತುಳಿಯುವುದಕ್ಕೇ ಬಂದಿತ್ತೆಂದು ಊರೆಲ್ಲ ಹೇಳುತ್ತಿದೆ. ಅತ್ತೆ ಮಾತ್ರ ನನ್ನೊಬ್ಬಳಿಗೆ, "ತುಳಿಯಕ್ಕೆ ಬಂದಂಗಿರ್ಲಿಲ್ಲ ಕಣೇ. ಕೈ ಚಾಚ್ತು, ಏನೋ ಕೇಳೋರು ಚಾಚ್ತಾರಲ್ಲ, ಹಂಗೆ" ಅಂದರು. ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ.

ಸೋಮವಾರ ಊರ ಮುಖ್ಯಸ್ಥರ ಅಂಗಳದಲ್ಲಿ ಸಭೆ ಸೇರಿತು. ಇವತ್ತು ಟಿಯಾಮಿಕೆಯ ಅಜ್ಜಿ, ನಾಳೆ ಯಾರ ಮಗುವೋ ಎಂದು ಹೆಂಗಸರು ಕೇಳಿದರು. ಅವರ ಮಾತು ತಪ್ಪಲ್ಲ. ಆನೆಯನ್ನು ಹೊಡೆಯಲು ನಿಮ್ಮ ವನ್ಯಜೀವಿ ಕಚೇರಿಯಿಂದ ಆದೇಶ ಬಂತು, ಅದರಲ್ಲಿ ನಿಮ್ಮ ಹೆಸರಿದೆ. ಅತ್ತೆಯೇ ಕೇಳಿ ಹಾಕಿಸಿದ್ದು. "ಹೊಡೆಯೋದೇ ಆದ್ರೆ ನನ್ನ ಮಗ ಹೊಡೀಲಿ. ಬೇರೆಯವ್ರು ನಾಕು ಗುಂಡು ಹಾರಿಸಿ ನರಳಿಸ್ತಾರೆ" ಅಂದರು.

ನಾನು ಅಡುಗೆ ಮಾಡುವ ಲಾಡ್ಜಿನಲ್ಲಿ ಈ ವಾರಾಂತ್ಯವೂ ಕೋಣೆಗಳೆಲ್ಲ ಭರ್ತಿ. ಲುಸಾಕಾದಿಂದ ಶುಕ್ರವಾರ ಬಂದು ಭಾನುವಾರ ಹೊರಡುವವರಿಗೆ ಅಷ್ಟರಲ್ಲೇ ಕಾಡೆಲ್ಲ ಎದುರಿಗೆ ಬಂದು ನಿಲ್ಲಬೇಕು. ಮಳೆ ಶುರುವಾದ ಮೇಲೆ ಪ್ರಾಣಿಗಳು ಚದುರುತ್ತವೆ ಎಂದರೆ ಯಾರು ಕೇಳುತ್ತಾರೆ? ತಿಂಗಳ ಮೊದಲಲ್ಲಿ ಗೈಡ್ ಮಸೌಸೊ ಎರಡು ದಿನ ಸುತ್ತಿಸಿ ಬರೀ ಜಿಂಕೆ ತೋರಿಸಿದ. ಅವರಲ್ಲೊಬ್ಬ, "ಮೇಕೆ ನೋಡಕ್ಕೆ ಇಷ್ಟು ದೂರ ಬಂದ್ವಾ?" ಅಂದ. ಎಲ್ಲರೂ ನಕ್ಕರು. ಮಸೌಸೊ ಅಡುಗೆಮನೆಗೆ ಬಂದು ನೀರು ಕುಡಿದು, ತಲೆ ಎತ್ತದೆ ಹೋದ. ಅದಾದ ಮೇಲೆ ಅಜ್ಜ ಶನಿವಾರ ಶನಿವಾರ ಅಡುಗೆಮನೆಯ ಹಿಂದೆ ಬರತೊಡಗಿದ. ಜನ ಚಪ್ಪಾಳೆ ತಟ್ಟಿದರು, ಮ್ಯಾನೇಜರು ಹಿಗ್ಗಿದರು. ನನ್ನ ಅಡುಗೆಯ ವಾಸನೆಗೇ ಆನೆ ಬರುತ್ತದೆ ಎಂದು ಹೊಗಳಿ, ನನ್ನನ್ನು ಅಡುಗೆಯವರಿಗೆಲ್ಲ ಮುಖ್ಯಸ್ಥೆ ಮಾಡಿದ್ದೂ ಆಗಲೇ. ನಿಮಗೆ ಬರೆದಿದ್ದೆ, ನೀವು ಸಂತೋಷಪಟ್ಟಿರಿ.

ನಿಮ್ಮ ಠಾಣೆಗೆ ಸಾಮಾನು ಒಯ್ಯುವ ಲಾರಿ ಹಾರ್ನ್ ಹೊಡೆಯುತ್ತಿದೆ. ಒಣಮೀನು, ಕಡಲೆಪುಡಿ ಕಳಿಸಿದ್ದೇನೆ, ಒಬ್ಬರೇ ತಿನ್ನಿ, ಊರಿಗೆಲ್ಲ ಹಂಚಬೇಡಿ. ಅತ್ತೆಯ ಆಶೀರ್ವಾದ, ಮಗಳ ಮುತ್ತು. ದೇವರು ನಿಮ್ಮನ್ನು ಕಾಯಲಿ.

ನಿಮ್ಮ
ಎನೆಲೆಸಿ

ಮರೆತ ಮಾತು: ಮರೆತಿದ್ದಲ್ಲ, ಬರೆಯಲು ಕೈ ಬರಲಿಲ್ಲ. ಲಾಡ್ಜಿನ ಅಡುಗೆಮನೆಯ ಹಿಂದಿನ ಗೋಡೆಯ ಮೇಲೆ ಮಾವಿನಹಣ್ಣು ಇಟ್ಟವಳು ನಾನು. ಮೂರು ಶನಿವಾರ ಇಟ್ಟೆ, ಕೊನೆಯ ಸಲ ಕೈಯಿಂದಲೇ ಕೊಟ್ಟೆ. ಮಸೌಸೊನ ಮುಖ ನೋಡಲಾಗದೆ ಶುರು ಮಾಡಿದ್ದು, ಆಮೇಲೆ ಹೊಗಳಿಕೆ ರುಚಿಯಾಯಿತು. ಅತ್ತೆಯ ಕಾಲು ಮುರಿದದ್ದು ನನ್ನಿಂದ. ಸಭೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ನೀವು ಪಕ್ಕದಲ್ಲಿ ನಿಂತರೆ ಎಲ್ಲರೆದುರು ಹೇಳುತ್ತೇನೆ, ಕೆಲಸ ಹೋದರೆ ಹೋಗಲಿ. ಬಂದೂಕು ಹಿಡಿದು ಕಾಡಿಗೆ ಹೋಗುವ ಮೊದಲು ಮನೆಗೆ ಬನ್ನಿ. ದಾರಿಯಲ್ಲೇ ಅವನು ಎದುರಾಗಿ, ಸೊಂಡಿಲು ಎತ್ತಿ ನೇರ ನಿಮ್ಮ ಕಡೆಗೇ ನಡೆದು ಬಂದರೆ, ಏರಿ ಬಂದ ಎಂದುಕೊಳ್ಳಬೇಡಿ. ಹಣ್ಣು ಕೇಳಲು ಬರುತ್ತಾನೆ.