ಪಾರ್ವತಿಯ ಪಾಲಿನ ರಾಗಿ

ಹೊಳಲ್ಕೆರೆ, ೧೯೭೯

ಗೆಳೆಯಾ ಮುರುಗೇಶಪ್ಪ,

ನೀನು ಹೊಸದುರ್ಗದಿಂದ ಕಳಿಸಿದ ಕ್ಯಾಲ್ಕುಲೇಟರ್ ಬಂದು ಸೇರಿತು. ಆಟಕ್ಕೆ ಉಪಯೋಗವಾಯಿತೇ ಎಂದು ಕೇಳಿದ್ದೀಯ. ಆಯಿತು. ಆದರೆ ಹೇಗಾಯಿತೆಂದು ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ನಿನ್ನ ಷಡ್ಡಕ ಹಡಗಿನ ಕೆಲಸದಿಂದ ಬರುವಾಗ ತಂದ ಇಂಗ್ಲಿಷ್ ಆಟದ ಪುಸ್ತಕವನ್ನು ಅರ್ಧ ಅರ್ಥ ಮಾಡಿಕೊಂಡು, ಉಳಿದರ್ಧ ನಾವೇ ಕಟ್ಟಿಕೊಂಡೆವಲ್ಲ. ಒಬ್ಬ ಕಥೆ ಹೇಳುವುದು, ಉಳಿದವರು ಒಂದೊಂದು ವೇಷ ಹಿಡಿದು ನಾನು ಹೀಗೆ ಮಾಡುತ್ತೇನೆ ಎನ್ನುವುದು, ಫಲಿಸಿತೋ ಇಲ್ಲವೋ ಕವಡೆ ಹೇಳುವುದು. ನಿನಗೆ ವರ್ಗವಾದ ಮೇಲೆ ಕಥೆ ಹೇಳುವವನು ನಾನೇ. ಮಂಡಿಯಲ್ಲಿ ತೂಕ ಮಾಡುವ ಓಬಯ್ಯನದು ಈಗಲೂ ಕಳ್ಳನ ವೇಷ, ಹೊಲಿಗೆ ಟೀಚರ್ ಹುಲಿಗೆಮ್ಮ ದಳವಾಯಿ. ನನ್ನ ಪಾರ್ವತಿ ಗಾಯಕ್ಕೆ ಮದ್ದು ಕಟ್ಟುವವಳಾಗಿದ್ದಳು. ಕಡೆಯ ಸಲ ಆಡಿದಾಗ ಗಾಯವಾದ ಆಳಿನ ಜೊತೆ ಗವಿಯಲ್ಲಿ ಉಳಿದಳು. “ನಾನಿಲ್ಲೇ ಇರ್ತೀನಿ, ನೀವು ನೀರು ನೋಡ್ಕಂಡು ಬರ್ರಿ” ಎಂದಳು. ಆಮೇಲೆ ಜ್ವರ, ಆಸ್ಪತ್ರೆ. ಅಲ್ಲಿಂದ ಅವಳು ಮನೆಗೆ ಬರಲಿಲ್ಲ. ಅದೆಲ್ಲ ನಿನಗೆ ಗೊತ್ತು.

ಆಟಕ್ಕೊಮ್ಮೆ ಪ್ರತಿಯೊಬ್ಬರ ಕಾಗದದಲ್ಲಿ ಬರೆದಿಟ್ಟ ಚೀಲದಿಂದ ಸೇರು ರಾಗಿ ಕಳೆಯಬೇಕೆಂಬುದು ನಿನ್ನದೇ ರೂಲು. ಪೆನ್ಸಿಲ್ಲಿನಲ್ಲಿ ಕಳೆಯುತ್ತಿದ್ದಾಗ ಪಾರ್ವತಿಯ ಕಾಗದವನ್ನು ಯಾರೂ ಮುಟ್ಟುತ್ತಿರಲಿಲ್ಲ. ಹಾಗೆಂದು ಮಾತಾಡಿಕೊಂಡದ್ದಲ್ಲ. ಅದು ಚಾಪೆಯ ಮೇಲೆ ತನ್ನ ಜಾಗದಲ್ಲಿ ಇರುತ್ತಿತ್ತು, ಅಷ್ಟೆ. ಹೊಸ ಮಿಷನ್ನಿನ ಹುರುಪಿನಲ್ಲಿ ಓಬಯ್ಯ ಎಲ್ಲರ ಲೆಕ್ಕವನ್ನೂ ಮೊದಲಿನಿಂದ ಒತ್ತಿ ನೋಡಿದ. ಅವಳದನ್ನೂ ಒತ್ತಿದ. “ಅಕ್ಕನ ಚೀಲ ಮೈನಸ್ ತೋರಿಸ್ತೈತೆ” ಎಂದ. ಅಂದ ಮೇಲೆ ನನ್ನ ಮುಖ ನೋಡಿ, ಅಳಿಸಿಬಿಟ್ಟು, ಮಿಷನ್ನೇ ಕೆಟ್ಟಿರಬೇಕು ಎಂದ.

ಹುಲಿಗೆಮ್ಮ ಬಿಡಲಿಲ್ಲ. “ಮಿಷನ್ ಸರಿಯಾಗೇ ಐತೆ ಕಣಯ್ಯ. ಗವಿಯಾಗೆ ಕುಂತೋಳಿಗೆ ನಾವ್ಯಾರಾದ್ರೂ ಬುತ್ತಿ ಒಯ್ದ್ವಾ?”

ಆನೆಸ್ಟಿ ಈಸ್ ದಿ ಬೆಸ್ಟ್ ಎಂದು ಕಾಲೇಜಿನಲ್ಲಿ ಕಲಿತದ್ದು ನೆನಪಾಯಿತು. ಮುಂದೆ ಪಾಲಿಸಿಯೋ ಪ್ರಾಕ್ಟೀಸೋ ಮರೆತಿದೆ. ಹುಲಿಗೆಮ್ಮ ತನ್ನ ಚೀಲದ ಅರ್ಧ ರಾಗಿಯನ್ನು ಪಾರ್ವತಿಗೆಂದು ಬೇರೆ ತೆಗೆದಿಟ್ಟಳು. ಆಟದಲ್ಲಿ ಯಾರಿಗೂ ಒಂದು ಕಾಳು ಬಿಡದ ಓಬಯ್ಯನೂ ಕೊಟ್ಟ. ಹಿಡಿಯಲೆಂದು ಹೊರಟು ಅಷ್ಟು ದೂರ ಬಂದಿದ್ದ ಕೋಟೆಯ ದಾರಿ ಬಿಟ್ಟು ಇಬ್ಬರೂ ಗವಿಯ ಕಡೆ ತಿರುಗಿದರು.

ಅಂದಿನಿಂದ ರಾಗಿ ಲೆಕ್ಕ ಮಿಷನ್ನಿಗೆ, ನಕ್ಷೆ ಪೆನ್ಸಿಲ್ಲಿಗೆ, ಪ್ರಾಣದ ವಿಷಯ ಕವಡೆಗೆ. ದಾರಿಯಲ್ಲಿ ಕರಡಿ ಅಡ್ಡ ಬಂದಾಗ, ಗೆಲ್ಲುವುದು ನೂರಕ್ಕೆ ಎಷ್ಟು ಸಲ ಎಂದು ಓಬಯ್ಯ ಗುಂಡಿ ಒತ್ತಲು ಹೋದ. “ಕರಡಿ ಲೆಕ್ಕ ಕಲ್ತೈತೇನಯ್ಯ? ಕವಡೆ ಹಾಕು” ಎಂದಳು ಹುಲಿಗೆಮ್ಮ. ಹಾಕಿದ, ಗೆದ್ದ, ಆ ವಾರವೆಲ್ಲ ಮಂಡಿಯಲ್ಲಿ ಅದನ್ನೇ ಹೇಳಿಕೊಂಡು ತಿರುಗಿದ.

ಕಳೆದ ಭಾನುವಾರ ಗವಿಯ ಬಾಯಿಗೆ ಬಂದು ನಿಂತರು. “ಒಳಗೇನು ಕಾಣ್ತೈತಣ್ಣ?” ಎಂದು ಓಬಯ್ಯ ಮೆಲ್ಲಗೆ ಕೇಳಿದ. ಕಥೆ ಹೇಳುವವನು ನಾನು. ದೀಪ ಉರಿಯುತ್ತಿದೆ ಎಂದರೆ ಅವಳ ಮಾತನ್ನೂ ನಾನೇ ಆಡಬೇಕು. ಕತ್ತಲೆ ಎಂದರೆ ಇನ್ನೊಮ್ಮೆ ಅವಳನ್ನು ಕಳಿಸಿಕೊಟ್ಟಂತೆ. ಕಾಫಿ ಮಾಡುತ್ತೇನೆಂದು ಎದ್ದುಬಿಟ್ಟೆ.

ಅದಕ್ಕೇ ಬರೆಯುತ್ತಿದ್ದೇನೆ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಬಾ. ಕಥೆ ನೀನು ಹೇಳು. ನಾನು ಅವರ ಜೊತೆ ಗವಿಯ ಬಾಯಲ್ಲಿ ನಿಲ್ಲುತ್ತೇನೆ. ಕವಡೆ ನನ್ನ ಕೈಗೆ ಕೊಡು. ಹೇಗೆ ಬಿದ್ದರೂ ಒಳಗೆ ಹೋಗುತ್ತೇನೆ.

ನಿನ್ನ ಮನೆಯವರೂ ಮಕ್ಕಳೂ ಚೆನ್ನಾಗಿರಲಿ. ಮಿಷನ್ನಿಗೆ ಬ್ಯಾಟರಿ ತರುವುದು ಮರೆಯಬೇಡ. ಬುತ್ತಿ ನಮ್ಮಲ್ಲಿದೆ.

ಇಂತಿ ನಿನ್ನ
ಪಂಚಾಕ್ಷರಪ್ಪ